ಹಳೇ ನಾಣ್ಯ ಫಳಫಳ ಅಂತಿದ್ದರೆ ಮೊದಲು ಅನುಮಾನ ಪಡಿ

ಸಂಪಾದಕರಿಗೆ ನಮಸ್ಕಾರ.

ಶ್ರಾವಣ ಬಂತು. ವರಮಹಾಲಕ್ಷ್ಮಿ ಹಬ್ಬಕ್ಕೆ ಮೈಸೂರು, ಮಂಡ್ಯ ಕಡೆಯ ಮನೆಗಳಲ್ಲಿ ಬೀರುವಿನಿಂದ ಬೆಳ್ಳಿ ಸಾಮಾನು ಆಚೆ ಬರುವ ಹೊತ್ತು ಇದು. ಕಳಶದ ಚೊಂಬು, ದೀಪ, ಕುಂಕುಮದ ಭರಣಿ, ಅದರ ಜೊತೆಗೆ ಒಂದು ಪುಟ್ಟ ಗಂಟಿನಲ್ಲಿ ಅಜ್ಜಿ ಕಾಲದ ಬೆಳ್ಳಿ ರೂಪಾಯಿಗಳು. ವಿಕ್ಟೋರಿಯಾ ರಾಣಿ ತಲೆ ಇರೋದು, ಎಡ್ವರ್ಡ್ ತಲೆ ಇರೋದು, ಜಾಸ್ತಿ ಅಂದರೆ ಐದನೇ ಜಾರ್ಜ್ ತಲೆ ಇರೋದು. ಎಲ್ಲವನ್ನೂ ಒಂದೇ ಬೋಗುಣಿಗೆ ಹಾಕಿ ಹುಣಸೆಹಣ್ಣು, ವಿಭೂತಿ, ಟೂತ್‌ಪೇಸ್ಟ್, ಪಾತ್ರೆ ಪುಡಿ, ಕೈಗೆ ಸಿಕ್ಕಿದ್ದರಲ್ಲಿ ತಿಕ್ಕುತ್ತೇವೆ. ಚೊಂಬು, ದೀಪಕ್ಕೆ ಅದು ಸರಿ. ನಾಣ್ಯಕ್ಕೆ ಮಾತ್ರ ಖಂಡಿತ ಸರಿಯಲ್ಲ. ಅದನ್ನು ಹೇಳೋದಕ್ಕೇ ಈ ಪತ್ರ.

ನಾನು ಬಹಳ ಕಾಲದಿಂದ ಹಳೇ ನಾಣ್ಯ ಕೂಡಿಸುತ್ತಿರುವವನು. ಹಬ್ಬ ಮುಗಿದ ಮೇಲೆ ಪ್ರತಿ ವರ್ಷ ಯಾರಾದರೂ ಒಬ್ಬರು ಇಂಥ ರೂಪಾಯಿ ತಂದು ತೋರಿಸುತ್ತಾರೆ. "ನೋಡಿ ಸಾರ್, ಎಷ್ಟು ಚೆನ್ನಾಗಿಟ್ಟಿದ್ದೀವಿ, ನಿನ್ನೆ ಮಾಡಿದ ಹಾಗಿದೆ" ಅಂತಾರೆ. ಒಂದೇ ನೋಟಕ್ಕೆ ಗೊತ್ತಾಗುತ್ತೆ, ಅದು ತಿಕ್ಕಿದ್ದು. ಅಪರೂಪದ ಇಸವಿ ಅಲ್ಲದಿದ್ದರೆ ಅಂಥ ನಾಣ್ಯಕ್ಕೆ ಬೆಳ್ಳಿ ತೂಕದ ಬೆಲೆಗಿಂತ ಜಾಸ್ತಿ ಕೊಡುವ ಸಂಗ್ರಾಹಕ ಸಿಗೋದು ಕಷ್ಟ. ಇದನ್ನು ಅವರ ಮುಖ ನೋಡಿಕೊಂಡು ಹೇಳೋದಕ್ಕೆ ಬಹಳ ಬೇಜಾರಾಗುತ್ತೆ. ಇನ್ನೊಂದು ಕಡೆ, ಈಗಷ್ಟೇ ಹವ್ಯಾಸ ಶುರು ಮಾಡಿದ ಕಾಲೇಜು ಹುಡುಗರು ಹೊಳಪು ನೋಡಿಯೇ ದುಡ್ಡು ಸುರಿದು ಬರುತ್ತಾರೆ. ಬೆಳ್ಳಗಿರೋದೆಲ್ಲ ಹಾಲಲ್ಲ ಅನ್ನೋದು ಇಲ್ಲಿ ಅಕ್ಷರಶಃ ನಿಜ.

ತಿಕ್ಕಿದರೆ ಏನು ಹೋಗುತ್ತೆ ಅನ್ನೋದನ್ನು ಮೊದಲು ಹೇಳಿಬಿಡುತ್ತೇನೆ, ಯಾಕಂದರೆ ಅದು ತಿಳಿದರೆ ಗುರುತಿಸುವುದು ತಾನಾಗೇ ಬರುತ್ತೆ. ಟಂಕಸಾಲೆಯಲ್ಲಿ ಎರಡು ಅಚ್ಚುಗಳ ಮಧ್ಯೆ ಬಿಲ್ಲೆ ಸಿಕ್ಕಿ ಒತ್ತಡ ಬಿದ್ದಾಗ, ಲೋಹ ನಡುವಿನಿಂದ ಅಂಚಿನ ಕಡೆಗೆ ಹರಿಯುತ್ತೆ. ಹಾಗೆ ಹರಿದ ಗುರುತು ನಾಣ್ಯದ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳಾಗಿ ಉಳಿಯುತ್ತೆ. ಹೊಸ ನಾಣ್ಯವನ್ನು ದೀಪದ ಕೆಳಗೆ ಓರೆ ಮಾಡಿದಾಗ ಒಂದು ಬೆಳಕಿನ ಪಟ್ಟಿ ಮೈಮೇಲೆಲ್ಲ ಸುತ್ತು ಹೊಡೆಯುತ್ತಲ್ವಾ, ಅದು ಬರೋದು ಈ ಗೆರೆಗಳಿಂದಲೇ. ನಾವು ಅದನ್ನು ಲಸ್ಟರ್ ಅಂತೀವಿ. ಅದು ಅಚ್ಚಿನಿಂದ ಒಂದೇ ಒಂದು ಸಲ ಬರುವಂಥದ್ದು. ಕಳೆದುಕೊಂಡರೆ ಯಾವ ಪುಡಿ, ಯಾವ ಪಾಲಿಶ್, ಯಾವ ಯಂತ್ರವೂ ಅದನ್ನು ವಾಪಸ್ ತರಲಾರದು.

ಬೆಳ್ಳಿ ಕಪ್ಪಾಗೋದು ಕೊಳೆಯಿಂದ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅದು ಕೊಳೆ ಅಲ್ಲ. ಗಾಳಿಯಲ್ಲಿರುವ ಗಂಧಕದ ಅಂಶದ ಜೊತೆ ಬೆಳ್ಳಿ ಸೇರಿ ಆದ ಒಂದು ತೆಳು ಪದರ. ಆ ಪದರದಲ್ಲಿರೋದೂ ನಾಣ್ಯದ ಬೆಳ್ಳಿಯೇ. ಕಪ್ಪನ್ನು ತಿಕ್ಕಿ ತೆಗೆದಿರಿ ಅಂದರೆ ಅಷ್ಟು ಬೆಳ್ಳಿಯನ್ನೂ ತೆಗೆದಿರಿ ಅಂತಲೇ ಅರ್ಥ. ವಿಭೂತಿ ಅಂದರೆ ಬೂದಿ, ಟೂತ್‌ಪೇಸ್ಟ್‌ನಲ್ಲಿ ಹಲ್ಲು ಉಜ್ಜೋದಕ್ಕೆ ಸಣ್ಣ ಪುಡಿ ಇರುತ್ತೆ. ಎರಡೂ ಬೆಳ್ಳಿಯ ಮೈಯನ್ನು ಗೀರುತ್ತವೆ. ಹುಣಸೆಹಣ್ಣು, ನಿಂಬೆಹಣ್ಣಿನ ಹುಳಿ ತಾಮ್ರದ ಮೇಲಿನ ಪದರವನ್ನು ಕರಗಿಸುತ್ತೆ. ಉಪ್ಪು ಸೇರಿಸಿದರಂತೂ ಇನ್ನೂ ಜೋರು.

ಈಗ ಗುರುತಿಸುವ ವಿಷಯ. ಮೊದಲ ಕೆಲಸ, ಟ್ಯೂಬ್‌ಲೈಟ್ ಆರಿಸಿ. ಅದರ ಬೆಳಕು ಎಲ್ಲ ಕಡೆಯಿಂದ ಹರಡಿ ಬೀಳುವುದರಿಂದ ಸಣ್ಣ ಗೀರುಗಳು ಮುಚ್ಚಿಹೋಗುತ್ತವೆ. ಅಂಗಡಿಯಲ್ಲಿ ಚೆನ್ನಾಗಿ ಕಂಡ ನಾಣ್ಯ ಮನೆಗೆ ಬಂದ ಮೇಲೆ ಬೇರೆ ಥರ ಕಾಣೋದು ಎಷ್ಟೋ ಸಲ ಇದೇ ಕಾರಣಕ್ಕೆ. ಒಂದೇ ಒಂದು ಬಲ್ಬಿನ ಟೇಬಲ್ ಲ್ಯಾಂಪ್ ಸಾಕು, ಇಲ್ಲದಿದ್ದರೆ ಮೊಬೈಲ್ ಟಾರ್ಚನ್ನು ಸ್ವಲ್ಪ ದೂರ ಇಟ್ಟುಕೊಳ್ಳಿ. ನಾಣ್ಯವನ್ನು ಅಂಚಿನಲ್ಲಿ ಮಾತ್ರ ಹಿಡಿಯಿರಿ, ಮೈಗೆ ಬೆರಳು ತಾಗಬಾರದು. ನಿಧಾನವಾಗಿ ಓರೆ ಮಾಡುತ್ತಾ, ಸುತ್ತ ತಿರುಗಿಸುತ್ತಾ ನೋಡಿ. ಚಿನ್ನದ ಅಂಗಡಿಯವರು ಬಳಸುವ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್ ಇದ್ದರೆ ಒಳ್ಳೆಯದು. ಆದರೆ ಮೊದಲು ಬರಿಗಣ್ಣಲ್ಲೇ ನೋಡಿ. ಬರೀ ಲೆನ್ಸಲ್ಲಿ ನೋಡುವವರಿಗೆ ನಾಣ್ಯದ ಒಟ್ಟು ಬಣ್ಣ ತಪ್ಪಿಹೋಗುತ್ತೆ.

ಓರೆ ಮಾಡಿದಾಗ ಒಂದು ಕೋನದಲ್ಲಿ ಥಟ್ಟನೆ ಕೂದಲೆಳೆಯಂಥ ಗೀರುಗಳು ಎದ್ದು ಬಂದವು, ಎಲ್ಲವೂ ಒಂದೇ ದಿಕ್ಕಿಗೆ ಅಥವಾ ಸುತ್ತಸುತ್ತಾಗಿ ಇದ್ದಾವೆ, ಇನ್ನೊಂದು ಕೋನಕ್ಕೆ ತಿರುಗಿಸಿದರೆ ಮಾಯ ಅಂತಾದರೆ ಅದು ಬಟ್ಟೆಯಲ್ಲೋ ಬ್ರಷ್‌ನಲ್ಲೋ ಉಜ್ಜಿದ್ದು. ವ್ಯಾಪಾರದವರು ಇದಕ್ಕೆ ಹೇರ್‌ಲೈನ್ ಅಂತಾರೆ. ಕೈಯಿಂದ ಕೈಗೆ ಓಡಾಡಿದ ನಾಣ್ಯದ ಮೇಲೂ ಗೀರು ಇರುತ್ತಲ್ಲ ಅಂತ ನೀವು ಕೇಳಬಹುದು. ಇರುತ್ತೆ. ಆದರೆ ಅವು ದಿಕ್ಕಿಗೊಂದಾಗಿ ಇರುತ್ತವೆ, ಒಂದು ಆಳ ಇನ್ನೊಂದು ಮೇಲುಮೇಲೆ, ಒಳಗೆ ಹಳೇ ಕಪ್ಪು ಕೂತಿರುತ್ತೆ. ಉಜ್ಜಿದ ಗೀರುಗಳು ಸಾಲಾಗಿ, ಒಂದೇ ಆಳದಲ್ಲಿ, ಒಳಗೂ ಬೆಳ್ಳಗೆ ಇರುತ್ತವೆ.

ಇಲ್ಲಿ ಒಂದು ಎಚ್ಚರಿಕೆ. ಕೆಲವು ನಾಣ್ಯಗಳ ಮೇಲೆ ಸಾಲು ಗೆರೆಗಳು ಟಂಕಸಾಲೆಯಿಂದಲೇ ಬಂದಿರುತ್ತವೆ. ಅಲ್ಲಿ ಅಚ್ಚನ್ನು ಉಜ್ಜಿ ನಯ ಮಾಡಿದಾಗ ಅಚ್ಚಿನ ಮೇಲೆ ಬಿದ್ದ ಗೀರು, ನಾಣ್ಯದ ಮೇಲೆ ಉಬ್ಬಿದ ಗೆರೆಯಾಗಿ ಮೂಡುತ್ತೆ. ಇವು ಖಾಲಿ ಜಾಗದಲ್ಲಿ ಮಾತ್ರ ಇರುತ್ತವೆ, ರಾಜನ ತಲೆ ಅಥವಾ ಅಕ್ಷರ ಬಂದ ಕಡೆ ನಿಂತುಬಿಡುತ್ತವೆ. ತಿಕ್ಕಿದ ಗೀರು ತಗ್ಗಾಗಿರುತ್ತೆ, ಕೆನ್ನೆಯ ಮೇಲೂ ಹತ್ತಿ ಆಚೆ ಇಳಿಯುತ್ತೆ. ಈ ವ್ಯತ್ಯಾಸ ಗೊತ್ತಿಲ್ಲದೆ ಒಳ್ಳೆಯ ನಾಣ್ಯವನ್ನು ಬೇಡ ಅಂದವರನ್ನೂ ನೋಡಿದ್ದೇನೆ.

ಎರಡನೆಯದು, ನನ್ನ ಪ್ರಕಾರ ಎಲ್ಲಕ್ಕಿಂತ ಸುಲಭವಾದದ್ದು: ಸವೆತಕ್ಕೂ ಬಣ್ಣಕ್ಕೂ ಹೊಂದುತ್ತಾ ಅಂತ ನೋಡೋದು. ಐದನೇ ಜಾರ್ಜನ ರೂಪಾಯಿ ತಗೊಳ್ಳಿ. ಅವನ ನಿಲುವಂಗಿಯ ಮೇಲೆ ಒಂದು ಪುಟಾಣಿ ಆನೆ ಇದೆ. 1911ರಲ್ಲಿ ಬಂದ ಮೊದಲ ರೂಪಾಯಿಯಲ್ಲಿ ಅದರ ಸೊಂಡಿಲು ಮೋಟಾಗಿ ಹಂದಿ ಥರ ಕಾಣುತ್ತೆ ಅಂತ ದೊಡ್ಡ ಗಲಾಟೆ ಆಗಿ, ಮುಂದಿನ ವರ್ಷ ಚಿತ್ರ ತಿದ್ದಿದರು. ಈ ಆನೆ, ಕಿರೀಟದ ಹರಳುಗಳು, ಗಡ್ಡದ ಕೂದಲು, ಇವೇ ಮೊದಲು ಸವೆಯೋದು. ಆನೆ ಸವೆದು ಬರೀ ಗುಬುಟು ಉಳಿದಿದೆ, ಆದರೆ ನಾಣ್ಯ ಮಾತ್ರ ನಿನ್ನೆ ಹೊಡೆದ ಹಾಗೆ ಬಿಳಿ ಅಂದರೆ ಅದು ಸಾಧ್ಯವೇ ಇಲ್ಲ. ಅಷ್ಟು ಓಡಾಡಿದ ಬೆಳ್ಳಿ ಬೂದು ಬಣ್ಣಕ್ಕೆ ತಿರುಗಿರಲೇಬೇಕು. ಉಬ್ಬಿದ ಕಡೆ ತಿಳಿ ಬೂದು, ತಗ್ಗಿನ ಕಡೆ ಹೋಗುತ್ತಾ ಹೋಗುತ್ತಾ ಗಾಢ. ತೊಳೆದ ನಾಣ್ಯದಲ್ಲಿ ಈ ನಿಧಾನದ ಬದಲಾವಣೆ ಇರೋದಿಲ್ಲ. ಬಯಲು ಭಾಗ ಪೂರ್ತಿ ಬಿಳಿ, ಅಕ್ಷರದ ಸಂದಿಯಲ್ಲಿ, ಎಲೆಬಳ್ಳಿಯ ಒಳಗೆ, ಬಟ್ಟೆ ಹೋಗದ ಕಡೆ ಮಾತ್ರ ಕಡುಕಪ್ಪು, ಎರಡರ ನಡುವೆ ಗೆರೆ ಎಳೆದ ಹಾಗೆ ಗಡಿ. ಅಂಥದ್ದು ಕಂಡರೆ ಕೆಳಗಿಟ್ಟುಬಿಡಿ.

ತಿಕ್ಕದೇ ಬರೀ ದ್ರಾವಣದಲ್ಲಿ ಅದ್ದಿ ತೆಗೆದವು ಇನ್ನೊಂದು ಜಾತಿ. ಇವುಗಳ ಮೇಲೆ ಗೀರೇ ಇರೋದಿಲ್ಲ, ಹಾಗಾಗಿ ಮೋಸ ಹೋಗೋದು ಸುಲಭ. ಒಂದು ಸಲ, ಕ್ಷಣಮಾತ್ರ ಅದ್ದಿದ್ದನ್ನು ಪಳಗಿದವರೂ ಹೇಳೋದು ಕಷ್ಟ. ಮತ್ತೆ ಮತ್ತೆ ಅದ್ದಿದರೆ ಆಗ ಹೇಳಿದೆನಲ್ಲ, ಆ ಹರಿವಿನ ಗೆರೆಗಳು, ಅವು ಕರಗಿಹೋಗುತ್ತವೆ. ಬೆಳಕಿನ ಪಟ್ಟಿ ಸುತ್ತೋದಿಲ್ಲ. ಹೊಸದಾಗಿ ಸುಣ್ಣ ಬಳಿದ ಗೋಡೆ ಹಾಗೆ ಬಿಳಿ ಇರುತ್ತೆ, ಜೀವ ಇರೋದಿಲ್ಲ. ಅಲ್ಯೂಮಿನಿಯಂ ಹಾಳೆ, ಅಡುಗೆ ಸೋಡಾ, ಬಿಸಿನೀರಿನ ಉಪಾಯ ಈಗ ಎಲ್ಲರ ಮೊಬೈಲಿನಲ್ಲೂ ಓಡಾಡುತ್ತಿದೆ. ಬೆಳ್ಳಿ ತಟ್ಟೆಗೆ ಮಾಡಿಕೊಳ್ಳಿ, ಅಡ್ಡಿಯಿಲ್ಲ. ನಾಣ್ಯದ ಮೇಲೆ ಮಾಡಿದರೆ ಈ ಸತ್ತ ಬಿಳುಪೇ ಸಿಗೋದು.

ಬಫ್ ಮಾಡಿದ್ದು ಇನ್ನೂ ಕೆಟ್ಟದ್ದು. ಕಾಲ್ಗೆಜ್ಜೆ ಪಾಲಿಶ್‌ಗೆ ಕೊಡುವಾಗ ಜೊತೆಗೆ ನಾಲ್ಕು ರೂಪಾಯಿಯನ್ನೂ ಕೊಟ್ಟು ಕಳಿಸುವ ರೂಢಿ ನಮ್ಮಲ್ಲಿ ಇದೆ. ತಿರುಗುವ ಚಕ್ರಕ್ಕೆ ಹಿಡಿದ ಮೇಲೆ ನಾಣ್ಯ ಕನ್ನಡಿ ಥರ ಆಗುತ್ತೆ, ಅಕ್ಷರಗಳ ಅಂಚು ಕರಗಿ ದುಂಡಾಗುತ್ತೆ. ತಂತಿ ಬ್ರಷ್ ಹಿಡಿದಿದ್ದರೆ ಅಕ್ಷರಗಳ ಒಂದು ಪಕ್ಕಕ್ಕೆ ಲೋಹ ತಳ್ಳಿಕೊಂಡು ಹೋಗಿ ಸಣ್ಣ ದಿಬ್ಬ ನಿಂತಿರುತ್ತೆ. ಲೆನ್ಸಲ್ಲಿ ಅದು ಸ್ಪಷ್ಟವಾಗಿ ಕಾಣುತ್ತೆ.

ಹಾಗೇ ಅಂಚನ್ನೂ ಒಂದು ಸುತ್ತು ನೋಡಿ. ನಮ್ಮ ಕಡೆ ಎಷ್ಟೋ ರೂಪಾಯಿಗಳು ಹಿಂದೆ ಕೊಂಡಿ ಹಾಕಿಸಿಕೊಂಡು ಕೊರಳಲ್ಲಿ ಇದ್ದಂಥವು. ಕೊಂಡಿ ತೆಗೆದ ಜಾಗದಲ್ಲಿ, ಸಾಮಾನ್ಯವಾಗಿ ಕಿರೀಟದ ನೇರ ಮೇಲೆ, ಅಂಚಿನ ಹಲ್ಲುಗಳು ಮುಚ್ಚಿಹೋಗಿ ಬೆಸುಗೆಯ ಕಲೆ ಉಳಿದಿರುತ್ತೆ. ಬೆಸುಗೆ ಮುಚ್ಚೋದಕ್ಕೆ ಉಜ್ಜಿರುತ್ತಾರೆ, ಉಜ್ಜಿದ್ದು ಮುಚ್ಚೋದಕ್ಕೆ ಪೂರ್ತಿ ನಾಣ್ಯ ಪಾಲಿಶ್ ಮಾಡಿರುತ್ತಾರೆ. ಐದನೇ ಜಾರ್ಜನ ಬೆಳ್ಳಿ ರೂಪಾಯಿ 11.66 ಗ್ರಾಂ ತೂಗಬೇಕು, ನೂರಕ್ಕೆ 91.7 ಭಾಗ ಬೆಳ್ಳಿ. ಸವೆತಕ್ಕೆ ಸ್ವಲ್ಪ ಬಿಟ್ಟುಕೊಡಿ. ಆದರೆ ಸವೆತವೇ ಇಲ್ಲದ ಹಾಗೆ ಹೊಳೆಯುವ ನಾಣ್ಯ ತೂಕದಲ್ಲಿ ಕಮ್ಮಿ ಬಂದರೆ ಪ್ರಶ್ನೆ ಕೇಳಲೇಬೇಕು.

ತೊಳೆದ ಮೇಲೆ ಮತ್ತೆ ಬಣ್ಣ ಬರಿಸುವವರೂ ಇದ್ದಾರೆ. ಗಂಧಕದ ಹೊಗೆ, ಬೇಯಿಸಿದ ಮೊಟ್ಟೆ ಜೊತೆ ಮುಚ್ಚಿಡೋದು, ಬಿಸಿ ಮಾಡೋದು, ದಾರಿ ಬಹಳ ಇವೆ. ಬೆಳ್ಳಿ ತಾನಾಗೇ ಬಣ್ಣ ತಿರುಗುವಾಗ ಒಂದು ಕ್ರಮ ಇದೆ. ತಿಳಿಹಳದಿ, ಹೊನ್ನಿನ ಬಣ್ಣ, ಕೆಂಪು ನೇರಳೆ, ಆಮೇಲೆ ನೀಲಿ. ಅಂಚಿನಿಂದ ಶುರುವಾಗಿ ಒಂದರೊಳಗೆ ಒಂದು ಕರಗಿಕೊಂಡು ಹೋಗುತ್ತೆ. ಆತುರದಲ್ಲಿ ಬರಿಸಿದ ಬಣ್ಣದಲ್ಲಿ ಈ ಕ್ರಮ ತಪ್ಪಿರುತ್ತೆ, ನೇರ ಬಿಳಿಯ ಪಕ್ಕ ಕಡುನೀಲಿ ಇರುತ್ತೆ. ಇನ್ನೊಂದು ನೋಡಿ. ಬಣ್ಣದ ಕೆಳಗೆ ಸಾಲು ಗೀರುಗಳಿದ್ದು ಆ ಗೀರಿನ ಒಳಗೂ ಅದೇ ಬಣ್ಣ ಇಳಿದಿದ್ದರೆ, ಮೊದಲು ಉಜ್ಜಿ ಆಮೇಲೆ ಬಣ್ಣ ಬಂದದ್ದು. ಗೀರು ಕಾಣಬಾರದು ಅಂತ ತೆಳುವಾಗಿ ಎಣ್ಣೆ, ವ್ಯಾಸಲಿನ್ ಸವರಿ ಮಾರುವುದೂ ಉಂಟು.

ತಾಮ್ರದ ವಿಷಯ ಬಂದರೆ ನನಗೆ ಇನ್ನೂ ಸಂಕಟ, ಯಾಕಂದರೆ ನಮ್ಮದೇ ಊರಿನ ನಾಣ್ಯಗಳು ಇರೋದು ಅದರಲ್ಲೇ. ಮುಮ್ಮಡಿ ಕೃಷ್ಣರಾಜ ಒಡೆಯರ ಆನೆ, ಸಿಂಹದ ಕಾಸುಗಳು, ಮೇಲೆ ಕನ್ನಡದಲ್ಲಿ 'ಶ್ರೀ', 'ಮಯಿಲಿ ಕಾಸು' ಅಂತ ಇರುವಂಥವು. ಶ್ರೀರಂಗಪಟ್ಟಣದ ಟಂಕಸಾಲೆಯಲ್ಲಿ ಆದ ಟಿಪ್ಪುವಿನ ಆನೆ ಪೈಸೆಗಳು. ಇವು ಇಂದಿಗೂ ಮಂಡ್ಯ, ಮೈಸೂರಿನ ಮನೆಗಳಲ್ಲಿ ಡಬ್ಬಿಯ ತಳದಲ್ಲಿ ಸಿಗುತ್ತವೆ. ತಾಮ್ರ ಹೊಸದರಲ್ಲಿ ಮಾತ್ರ ಕೆಂಪು. ಆಮೇಲೆ ಕಂದು, ಕಡುಕಂದು. ಆ ಕಂದು ಪದರವೇ ಕೆಳಗಿನ ಲೋಹಕ್ಕೆ ಕಾವಲು. ಇನ್ನೂರು ವರ್ಷದ ತಾಮ್ರದ ಕಾಸು ಹಸಿ ಗುಲಾಬಿ ಬಣ್ಣಕ್ಕೋ ಕಿತ್ತಳೆ ಬಣ್ಣಕ್ಕೋ ಇದ್ದರೆ ಬೇರೆ ಪರೀಕ್ಷೆಯೇ ಬೇಡ, ಅದನ್ನು ಹುಳಿಯಲ್ಲಿ ಹಾಕಿದ್ದಾರೆ. ಲೆನ್ಸಲ್ಲಿ ನೋಡಿದರೆ ಮೈಯೆಲ್ಲ ಸಣ್ಣ ಸಣ್ಣ ತೂತು ತೂತಾಗಿರುತ್ತೆ. ಕೆಲವು ತಿಂಗಳಲ್ಲಿ ಅದು ಮತ್ತೆ ಮಂಕಾಗುತ್ತೆ. ಆದರೆ ಈ ಸಲ ಹಳೇ ಸಮನಾದ ಕಂದು ಬರೋದಿಲ್ಲ, ತೇಪೆ ತೇಪೆಯಾಗಿ ಬರುತ್ತೆ.

ಮಣ್ಣಿನಿಂದ ಬಂದ ನಾಣ್ಯಗಳ ಲೆಕ್ಕ ಬೇರೆ ಅಂತ ಒಪ್ಪಿಕೊಳ್ಳಬೇಕು. ಶಾತವಾಹನರ ಕಾಲದ ನಾಣ್ಯ ಮಣ್ಣು ತೆಗೆಯದೆ ಓದೋದಕ್ಕೇ ಆಗೋದಿಲ್ಲ. ಅಂಥದ್ದನ್ನು ಶುಚಿ ಮಾಡಿದ್ದಕ್ಕೆ ಯಾರೂ ಬೆಲೆ ಇಳಿಸೋದಿಲ್ಲ, ಕೆಟ್ಟದಾಗಿ ಮಾಡಿದ್ದರೆ ಮಾತ್ರ. ಅವರ ಕಾಲದ ಸೀಸದ ನಾಣ್ಯಗಳೂ ಇವೆ. ಅವನ್ನು ಮನೆಯಲ್ಲಿ ಉಜ್ಜಬೇಡಿ, ಸೀಸದ ಪುಡಿ ವಿಷ. ತಾಮ್ರದ ಮೇಲೆ ತಿಳಿಹಸಿರು ಪುಡಿ ಉದುರುತ್ತಾ ದಿನದಿಂದ ದಿನಕ್ಕೆ ಹೆಚ್ಚುತ್ತಿದ್ದರೆ ಅದು ನಾಣ್ಯವನ್ನು ಒಳಗೇ ತಿನ್ನುವ ರೋಗ. ಅದನ್ನು ಸುಮ್ನೆ ಬಿಡಬಾರದು, ಆದರೆ ಸಂರಕ್ಷಣೆ ಕೆಲಸ ಬಲ್ಲವರಿಗೇ ತೋರಿಸಬೇಕು. ಗಟ್ಟಿಯಾಗಿ, ನಯವಾಗಿ ಅಂಟಿಕೊಂಡ ಹಸಿರು ಪದರ ರೋಗವಲ್ಲ. ಅದನ್ನು ಕೆರೆಯಬೇಡಿ.

ಹಾಗಾದರೆ ಏನೂ ಮಾಡಬಾರದಾ ಅಂದರೆ, ಸ್ವಲ್ಪ ಮಾಡಬಹುದು. ಧೂಳು ಮಣ್ಣಿದ್ದರೆ ಡಿಸ್ಟಿಲ್ಡ್ ವಾಟರ್‌ನಲ್ಲಿ ನೆನೆಹಾಕಿ. ಎಣ್ಣೆ ಜಿಡ್ಡು ಅಥವಾ ಅಗ್ಗದ ಪ್ಲಾಸ್ಟಿಕ್ ಕವರಿನಿಂದ ಬಂದ ಅಂಟು ಹಸಿರಿದ್ದರೆ ಶುದ್ಧ ಅಸಿಟೋನ್ ಸಾಕು. ಅದು ಲೋಹವನ್ನು ಮುಟ್ಟೋದಿಲ್ಲ. ಉಗುರು ಬಣ್ಣ ತೆಗೆಯುವ ದ್ರವ ಬೇಡ, ಅದರಲ್ಲಿ ಬೇರೆ ವಸ್ತುಗಳನ್ನು ಬೆರೆಸಿರುತ್ತಾರೆ. ಅಸಿಟೋನ್ ಬೇಗ ಬೆಂಕಿ ಹಿಡಿಯುತ್ತೆ, ಒಲೆ ಇರುವ ಕಡೆ, ದೇವರ ದೀಪದ ಹತ್ತಿರ ತರಲೇಬೇಡಿ, ಕಿಟಕಿ ತೆರೆದಿರಲಿ. ಆಮೇಲೆ ಒರೆಸಬೇಡಿ, ಮೆತ್ತನೆ ಬಟ್ಟೆ ಮೇಲೆ ಇಟ್ಟು ಆರಲು ಬಿಡಿ. ಇಷ್ಟರಲ್ಲಿ ಹೋಗದೇ ಇದ್ದದ್ದು ಇರಲಿ ಬಿಡಿ.

ಪೂಜೆಗೆ ನಾಣ್ಯ ಇಡಬೇಡಿ ಅಂತ ನಾನು ಹೇಳುತ್ತಿಲ್ಲ. ನಮ್ಮ ಅಮ್ಮಂದಿರು, ಅಜ್ಜಿಯರು ಅವನ್ನು ಲಕ್ಷ್ಮಿ ಅಂತ ಎತ್ತಿಟ್ಟದ್ದರಿಂದಲೇ ಅವು ಕರಗದೆ ನಮ್ಮವರೆಗೆ ಬಂದಿವೆ. ಆ ಋಣ ದೊಡ್ಡದು. ಅಂಗಡಿಯಲ್ಲಿ ಈಗ ಸಿಗುವ ಲಕ್ಷ್ಮಿ ಚಿತ್ರದ ಹೊಸ ಬೆಳ್ಳಿ ಬಿಲ್ಲೆಗಳಿಗೆ ಅಭಿಷೇಕ ಮಾಡಿ, ಅರಿಶಿನ ಕುಂಕುಮ ಹಚ್ಚಿ. ಹಳೇ ರೂಪಾಯಿಯನ್ನು ದುಂಡನೆಯ ಪ್ಲಾಸ್ಟಿಕ್ ಕ್ಯಾಪ್ಸೂಲ್‌ನಲ್ಲಿ ಹಾಕಿ ಪಕ್ಕದಲ್ಲಿಡಿ. ದೇವಿಗೆ ಕಪ್ಪು ಬೆಳ್ಳಿ ಇಟ್ಟರೆ ಹೇಗೆ ಅಂತ ಮನೆಯಲ್ಲಿ ಹಿರಿಯರು ಕೇಳಿದರೆ, ಇದು ಕೊಳಕಲ್ಲ ಅಂತ ಸಮಾಧಾನದಲ್ಲಿ ಹೇಳಿ. ಅವರು ಕೇಳುತ್ತಾರೆ.

ಕೊಳ್ಳುವವರಿಗೆ ಒಂದು ಮಾತು. ಮೊಬೈಲಿನಲ್ಲಿ ಬರುವ ಒಂದೇ ಕೋನದ ಫೋಟೊ ನಂಬಬೇಡಿ. ಒಂದೇ ದೀಪದ ಕೆಳಗೆ ಓರೆ ಮಾಡಿದ ವಿಡಿಯೊ ಕೇಳಿ. ಪಿಸಿಜಿಎಸ್, ಎನ್‌ಜಿಸಿ ಥರದ, ನಾಣ್ಯ ಪರೀಕ್ಷಿಸಿ ದರ್ಜೆ ಕೊಡುವ ವಿದೇಶಿ ಗ್ರೇಡಿಂಗ್ ಕಂಪನಿಗಳು ಕೆಡುವಂತೆ ತೊಳೆದ ನಾಣ್ಯಕ್ಕೆ ಸಾಮಾನ್ಯವಾಗಿ ಅಂಕಿಯ ಗ್ರೇಡ್ ಕೊಡದೆ 'ಕ್ಲೀನ್ಡ್' ಅಂತ ಚೀಟಿಯಲ್ಲೇ ಬರೆದುಬಿಡುತ್ತವೆ. ಬಾಯಿಮಾತಿನ ವ್ಯಾಪಾರದಲ್ಲಿ ಆ ಚೀಟಿ ಇರೋದಿಲ್ಲ, ಹಾಗಾಗಿ "ಇದು ತೊಳೆದದ್ದಾ?" ಅಂತ ನೇರವಾಗಿ ಕೇಳಬೇಕು. ಮಾರುವವರಿಗೂ ನನ್ನ ಕೋರಿಕೆ ಇಷ್ಟೇ: ಕೇಳುವ ಮೊದಲೇ ಹೇಳಿಬಿಡಿ. ತೊಳೆದ ನಾಣ್ಯ ಮಾರೋದು ತಪ್ಪಲ್ಲ, ಅದಕ್ಕೂ ಕೊಳ್ಳುವವರು ಇದ್ದಾರೆ. ಅಪರೂಪದ ಟಿಪ್ಪು ನಾಣ್ಯ ತೊಳೆದಿದ್ದರೂ ನಾನೇ ಸಂತೋಷವಾಗಿ ತಗೊಳ್ಳುತ್ತೇನೆ, ಅದಕ್ಕೆ ತಕ್ಕ ಬೆಲೆಗೆ. ತೊಳೆದದ್ದನ್ನು ಮುಟ್ಟದ ನಾಣ್ಯ ಅಂತ ಮಾರೋದು ಮಾತ್ರ ಮೋಸ.

ಕೊನೆಯದಾಗಿ ಸರ್ಕಾರಕ್ಕೆ ಒಂದು ಸಲಹೆ, ನಿಮ್ಮ ಪತ್ರಿಕೆ ಮೂಲಕ. ಪುರಾತತ್ವ, ಸಂಗ್ರಹಾಲಯಗಳ ಇಲಾಖೆಯ ಪ್ರಧಾನ ಕಚೇರಿ ನಮ್ಮ ಮೈಸೂರಲ್ಲೇ ಇದೆ. ದಸರಾ ವಸ್ತುಪ್ರದರ್ಶನಕ್ಕೆ ಹಳ್ಳಿಹಳ್ಳಿಯಿಂದ ಜನ ಬರುತ್ತಾರೆ. ಅಲ್ಲಿ ಒಂದು ಮೇಜಿನ ಮೇಲೆ ತೊಳೆದ ರೂಪಾಯಿ, ತೊಳೆಯದ ರೂಪಾಯಿ, ಹುಳಿಗೆ ಹಾಕಿದ ಮಯಿಲಿ ಕಾಸು, ಹಾಗೇ ಬಿಟ್ಟ ಮಯಿಲಿ ಕಾಸು ಅಕ್ಕಪಕ್ಕ ಇಟ್ಟು, ಒಂದು ದೀಪ ಮತ್ತು ಒಂದು ಲೆನ್ಸ್ ಕೊಟ್ಟು, ತಿಳಿದವರೊಬ್ಬರನ್ನು ಕೂರಿಸಿದರೆ ಸಾಕು. ಇದಕ್ಕೆ ಖರ್ಚು ಅಂತ ಹೆಚ್ಚೇನೂ ಇಲ್ಲ. ಜನ ತಮ್ಮ ಮನೆಯ ನಾಣ್ಯ ತಂದು ತೋರಿಸಿ ಕೇಳೋದಕ್ಕೆ ವಾರದಲ್ಲಿ ಒಂದು ಸಂಜೆ ಇಟ್ಟರೆ ಇನ್ನೂ ಒಳ್ಳೆಯದು. ಕರೆದರೆ ನಮ್ಮಂಥ ಸಂಗ್ರಾಹಕರು ಸಂಬಳ ಇಲ್ಲದೆ ಬಂದು ಕೂರುತ್ತೇವೆ.

– ಒಬ್ಬ ನಾಣ್ಯ ಸಂಗ್ರಾಹಕ, ಕುವೆಂಪುನಗರ, ಮೈಸೂರು